ಮಾಡ್‌ಗಳಿಗೋಸ್ಕರ ಅದೇ ಗೇಮನ್ನು ಪಿಸಿಯಲ್ಲಿ ಇನ್ನೊಮ್ಮೆ ತಗೊಳ್ಳಬೇಕಾ?

ಮುಂಗುಸಿ

ಸ್ಕೈರಿಮ್, ಸ್ಟಾರ್‌ಡ್ಯೂ ವ್ಯಾಲಿ ಎರಡನ್ನೂ ಸೋನಿಯ ಪಿಎಸ್4 ಕನ್ಸೋಲ್‌ನಲ್ಲಿ ಚೆನ್ನಾಗಿ ಆಡಿದ್ದೇನೆ. ಈಗ ಕೈಯಲ್ಲಿ ಒಂದು ಒಳ್ಳೆಯ ಪಿಸಿ ಇದೆ. ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಾರೆ, ಪಿಸಿಯಲ್ಲಿ ಮಾಡ್ (ಅಭಿಮಾನಿಗಳು ಗೇಮ್‌ಗೆ ಮಾಡುವ ಬದಲಾವಣೆ) ಹಾಕಿ ಆಡು, ಅದು ಬೇರೆ ಗೇಮೇ ಆಗಿಬಿಡುತ್ತದೆ ಅಂತ. ಆದರೆ ಅದೇ ಗೇಮ್‌ಗೆ ಎರಡನೇ ಸಲ ದುಡ್ಡು ಕೊಡಬೇಕು ಅಲ್ವಾ? ಸ್ಕೈರಿಮ್‌ಗೆ ಕನ್ಸೋಲ್‌ನಲ್ಲೂ ಮಾಡ್ ಸಿಗುತ್ತವೆ, ಕೆಲವನ್ನು ಹಾಕಿ ನೋಡಿದೆ, ಅಂಥಾ ವಿಶೇಷ ಏನೂ ಕಾಣಲಿಲ್ಲ. ಗ್ರಾಫಿಕ್ಸ್ ಚಂದ ಆಗುವುದಷ್ಟೇ ಆದರೆ ನನಗೆ ಬೇಡ. ಇನ್ನೊಂದು ವಿಷಯ, ಆಡೋಕೆ ಸಿಗುವುದೇ ರಾತ್ರಿ ಸ್ವಲ್ಪ ಹೊತ್ತು. ಅದೂ ಫೈಲ್ ಸರಿಮಾಡುವುದರಲ್ಲೇ ಹೋದರೆ ಬೇಜಾರಾಗುತ್ತದೆ. ನಿಜ ಹೇಳಿ, ತಗೊಳ್ಳಲಾ ಬೇಡವಾ?

ಹಳೇಕೀಬೋರ್ಡ್

ಸ್ಕೈರಿಮ್ ಆದರೆ ಕಣ್ಣುಮುಚ್ಚಿ ತಗೊಳ್ಳಿ. ಪಿಎಸ್4ನಲ್ಲಿ ನೋಡಿದ್ದನ್ನು ಇಟ್ಟುಕೊಂಡು ಮಾಡ್‌ಗಳನ್ನು ಅಳೆಯಬೇಡಿ, ಅಲ್ಲಿ ಸಿಗುವುದು ತುಂಬಾ ಕಡಿಮೆ. 2016ರಲ್ಲಿ ಸ್ಕೈರಿಮ್‌ನ ಹೊಸ ಆವೃತ್ತಿ ಸ್ಪೆಷಲ್ ಎಡಿಷನ್ ಬಂದಾಗ ಕನ್ಸೋಲ್‌ಗಳಿಗೂ ಮಾಡ್ ಬಂದವು. ಆದರೆ ಎಕ್ಸ್‌ಬಾಕ್ಸ್ ಒನ್‌ಗೆ 5 ಜಿಬಿ ಜಾಗ ಸಿಕ್ಕರೆ ಪಿಎಸ್4ಗೆ ಸಿಕ್ಕಿದ್ದು 1 ಜಿಬಿ. ಅದೂ ಹೋಗಲಿ, ಹೊರಗಿನ ಫೈಲ್ ಸೇರಿಸೋಕೆ ಸೋನಿ ಬಿಡಲಿಲ್ಲ. ಗೇಮ್ ಒಳಗೆ ಮೊದಲೇ ಇರುವ ಮನೆ, ಮರ, ಕತ್ತಿಗಳನ್ನೇ ಆಚೀಚೆ ಜೋಡಿಸಬೇಕು. ಹೊಸ ದನಿ ಇಲ್ಲ, ಹೊಸ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಇಲ್ಲ. ನಿಮಗೆ ವಿಶೇಷ ಕಾಣದೇ ಇದ್ದದ್ದು ಇದಕ್ಕೇ.

ಪಿಸಿಯಲ್ಲಿ ಎಸ್‌ಕೆಎಸ್‌ಇ ಅನ್ನುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಇದೆ. ಗೇಮನ್ನು ಓಡಿಸುವ ಎಂಜಿನ್ ತಾನಾಗಿ ಬಿಟ್ಟುಕೊಡದ ಕೆಲಸಗಳಿಗೆಲ್ಲ ದಾರಿ ಮಾಡಿಕೊಡುವುದು ಅದೇ, ದೊಡ್ಡ ದೊಡ್ಡ ಮಾಡ್‌ಗಳು ನಿಂತಿರುವುದೂ ಅದರ ಮೇಲೇ, ಕನ್ಸೋಲ್‌ನಲ್ಲಿ ಅದು ಇಲ್ಲ. ಮೆನು ಬದಲಿಸುವ ಸ್ಕೈಯುಐ ಅನ್ನುವ ಮಾಡ್ ಒಂದನ್ನೇ ತಗೊಳ್ಳಿ. ಸಾಮಾನುಗಳ ಆ ಉದ್ದನೆ ಪಟ್ಟಿ ಇದೆಯಲ್ಲ, ತೂಕ ಎಷ್ಟು ಬೆಲೆ ಎಷ್ಟು ಅಂತ ಒಂದೊಂದರ ಮೇಲೂ ನಿಂತು ನೋಡಬೇಕಾದದ್ದು, ಅದೆಲ್ಲ ಒಂದೇ ಕಡೆ ಕಾಲಂಗಳಲ್ಲಿ ಕಾಣುತ್ತದೆ. ಹೆಸರು ಟೈಪ್ ಮಾಡಿ ಹುಡುಕಬಹುದು.

ಇನ್ನು ಎಂಡೆರಾಲ್ ಅನ್ನುವ ಮಾಡ್. ಶ್ಯೂರ್‌ಎಐ ಅನ್ನುವ ತಂಡ 2016ರಲ್ಲಿ ಬಿಟ್ಟದ್ದು. ಸ್ಕೈರಿಮ್ ಎಂಜಿನ್ ಮೇಲೆ ಪೂರ್ತಿ ಬೇರೆ ಲೋಕ, ಬೇರೆ ಕಥೆ, ಬೇರೆ ಪಾತ್ರಗಳು. ಸ್ಕೈರಿಮ್ ಇದ್ದವರಿಗೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಪುಕ್ಕಟೆ. ದುಡ್ಡು ಕೊಟ್ಟು ಕೊಂಡ ಎಷ್ಟೋ ಗೇಮ್‌ಗಳ ಕಥೆ ಇದರ ಹತ್ತಿರಕ್ಕೂ ಬರುವುದಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನೇರಮಾತು

ನಾನು ಒಪ್ಪುವುದಿಲ್ಲ. ಅಂದರೆ ಸ್ಕೈರಿಮ್ ಬಗ್ಗೆ ಹೇಳಿದ್ದು ಸರಿ, ಆದರೆ ಅದನ್ನೇ ನೋಡಿ ಎಲ್ಲ ಗೇಮ್ ಹೀಗೇ ಅಂದುಕೊಂಡು ಪಿಸಿ ವರ್ಷನ್ ತಗೊಳ್ಳಬೇಡಿ. ಮಾಡ್ ಮಾಡುವವರು ಹೆಚ್ಚಿನವರು ಸಂಬಳಕ್ಕೆ ಮಾಡುವವರಲ್ಲ, ತಮ್ಮ ಬಿಡುವಿನಲ್ಲಿ ಮಾಡುತ್ತಾರೆ. ಕಂಪನಿ ಒಂದು ಅಪ್‌ಡೇಟ್ ಬಿಟ್ಟರೆ ಅವರ ಅಷ್ಟೂ ಕೆಲಸ ನಿಂತುಹೋಗಬಹುದು. ಫಾಲ್‌ಔಟ್ 4 ನೋಡಿ. 2015ರ ಗೇಮ್‌ಗೆ 2024ರ ಏಪ್ರಿಲ್‌ನಲ್ಲಿ ದೊಡ್ಡ ಅಪ್‌ಡೇಟ್ ಬಂತು, ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ನಂಬಿದ್ದ ಮಾಡ್‌ಗಳೆಲ್ಲ ಕೆಟ್ಟವು. ಅದೇ ತಿಂಗಳು ಬರಬೇಕಿದ್ದ ಫಾಲ್‌ಔಟ್ ಲಂಡನ್ ಅನ್ನುವ ದೊಡ್ಡ ಮಾಡ್ ಜುಲೈಗೆ ಹೋಯಿತು. ವರ್ಷಗಟ್ಟಲೆ ದುಡಿದ ತಂಡ ಅದು, ಪಾಪ. 2021ರ ನವೆಂಬರ್‌ನಲ್ಲಿ ಸ್ಕೈರಿಮ್‌ಗೂ ಹೀಗೇ ಆಗಿತ್ತು.

ಮೊದಲು ನೋಡಬೇಕಾದ್ದು ಗೇಮ್ ಮಾಡ್ ಇಲ್ಲದೆಯೇ ಚೆನ್ನಾಗಿದೆಯಾ ಅಂತ. 2012ರಲ್ಲಿ ಡಾರ್ಕ್ ಸೋಲ್ಸ್ ಪಿಸಿಗೆ ಬಂದಾಗ ನೀವು ಯಾವ ರೆಸಲ್ಯೂಷನ್ ಇಟ್ಟರೂ ಅದು ಒಳಗೊಳಗೆ 1024x720ರಲ್ಲೇ ಓಡುತ್ತಿತ್ತು. ಸರಿಮಾಡಿದ್ದು ಡಿಎಸ್‌ಫಿಕ್ಸ್ ಅನ್ನುವ ಮಾಡ್. ಮಾಡಿದವರಿಗೆ ಕೈಮುಗಿಯೋಣ, ಆದರೆ ಅದು ಗೇಮ್ ಮಾರಿದವರೇ ಮಾಡಬೇಕಿದ್ದ ಕೆಲಸ. ಕಥೆಯ ಗೇಮ್ ಒಂದು ಸಲ ಆಡಿ ಮುಗಿಸುವವರಾದರೆ ಮಾಡ್‌ಗೋಸ್ಕರ ಎರಡನೇ ಸಲ ಕೊಳ್ಳುವುದು ಸುಮ್ನೆ. ಆನ್‌ಲೈನ್ ಗೇಮ್ ಆದರಂತೂ ಹತ್ತಿರವೇ ಹೋಗಬೇಡಿ, ಜಿಟಿಎ ಆನ್‌ಲೈನ್‌ನಲ್ಲಿ ಮಾಡ್ ಹಾಕಿದರೆ ಬ್ಯಾನ್ ಆಗಬಹುದು. ಮೇಲಾಗಿ ಕನ್ಸೋಲ್ ಕೂಡ ಹಿಂದೆ ಇದ್ದ ಹಾಗೆ ಇಲ್ಲ. ಬಾಲ್ಡರ್ಸ್ ಗೇಟ್ 3ಗೆ 2024ರಲ್ಲಿ ಕನ್ಸೋಲ್‌ಗೂ ಮಾಡ್ ಬಂದವು, ಗೇಮ್ ಒಳಗಿನಿಂದಲೇ ಹಾಕಬಹುದು.

ಚುಕ್ಕಿ

ಸ್ಟಾರ್‌ಡ್ಯೂ ಬಗ್ಗೆ ಯಾರೂ ಹೇಳಲಿಲ್ಲ! ನಿಮಗೆ ಟೈಮ್ ಕಡಿಮೆ ಅಂದಿರಿ, ಹಾಗಾದರೆ ಇದರಿಂದಲೇ ಶುರುಮಾಡಿ. ಮಾಡ್‌ಗಳನ್ನು ಗೇಮ್‌ಗೆ ಸೇರಿಸುವ ಸ್ಮಾಪಿ ಅನ್ನುವ ಲೋಡರ್ ಹಾಕಿ, ಮಾಡ್ ಇಳಿಸಿ, ಅನ್‌ಜಿಪ್ ಮಾಡಿ ಮಾಡ್ಸ್ ಫೋಲ್ಡರ್‌ಗೆ ಎಳೆದು ಹಾಕಿ. ಅಷ್ಟೇ. ಬೇಡ ಅನ್ನಿಸಿದರೆ ಆ ಫೋಲ್ಡರ್ ತೆಗೆದುಬಿಡಿ. ಅಪ್‌ಡೇಟ್ ಬಂದ ಮೇಲೆ ಯಾವ ಮಾಡ್ ಕೆಟ್ಟಿದೆ, ಯಾವುದಕ್ಕೆ ಹೊಸ ವರ್ಷನ್ ಬಂದಿದೆ ಅಂತ ಸ್ಮಾಪಿಯೇ ಹೇಳುತ್ತದೆ. ಸ್ಟಾರ್‌ಡ್ಯೂ ವ್ಯಾಲಿ ಎಕ್ಸ್‌ಪ್ಯಾಂಡೆಡ್ ಅನ್ನುವ ಮಾಡ್ ಹಾಕಿದರೆ ಊರು ದೊಡ್ಡದಾಗುತ್ತದೆ, ಹೊಸ ಜನ ಬರುತ್ತಾರೆ, ಅವರಿಗೂ ಅವರದೇ ಕಥೆಗಳಿವೆ. ಪಿಎಸ್4ನಲ್ಲಿ ಇದು ಯಾವುದೂ ಇಲ್ಲ. 1.6 ಅಪ್‌ಡೇಟ್ ಕೂಡ ಪಿಸಿಗೆ 2024ರ ಮಾರ್ಚ್‌ನಲ್ಲೇ ಬಂತು, ಕನ್ಸೋಲ್‌ನವರು ನವೆಂಬರ್ ತನಕ ಕಾದರು. ಗೇಮ್ ಮಾಡಿದವರೇ ಮಾಡ್ ಮಾಡುವವರಿಗೆ ಅನುಕೂಲ ಆಗಲಿ ಅಂತ ಆ ಅಪ್‌ಡೇಟ್‌ನಲ್ಲಿ ಎಷ್ಟೋ ಬದಲಾವಣೆ ಮಾಡಿದ್ದಾರೆ. ಅವರ ಮನಸ್ಸು ಹೇಗಿದೆ ಅನ್ನುವುದು ನನ್ನ ಮಟ್ಟಿಗೆ ತುಂಬಾ ಮುಖ್ಯ.

ಮುಂಗುಸಿ

ಸ್ಟಾರ್‌ಡ್ಯೂ ತಗೊಳ್ಳುವುದು ಗ್ಯಾರಂಟಿ ಆಯಿತು. @ಹಳೇಕೀಬೋರ್ಡ್, ಸ್ಕೈರಿಮ್‌ಗೆ ನೇರಮಾತು ಹೇಳಿದ ಅಪ್‌ಡೇಟ್ ತಲೆನೋವಿಗೆ ಏನು ಮಾಡುತ್ತೀರಿ? ಚಂದಾ ಕಟ್ಟಿ ಆಡುವ ಗೇಮ್ ಪಾಸ್‌ನಲ್ಲಿ ಇರುವುದನ್ನೇ ಆಡಿದರೆ ನಡೆಯುತ್ತದಾ?

ಹಳೇಕೀಬೋರ್ಡ್

ಗೇಮ್ ಪಾಸ್ ಬೇಡ, ಆ ವರ್ಷನ್‌ಗೆ ಎಸ್‌ಕೆಎಸ್‌ಇ ಕೆಲಸ ಮಾಡುವುದಿಲ್ಲ. ಮುಖ್ಯವಾದದ್ದೇ ಕೈತಪ್ಪುತ್ತದೆ. ಸ್ಟೀಮ್‌ನಲ್ಲಿ ಸ್ಪೆಷಲ್ ಎಡಿಷನ್ ತಗೊಂಡು, ಗೇಮ್ ತೆರೆದಾಗ ಮಾತ್ರ ಅಪ್‌ಡೇಟ್ ಆಗುವ ಹಾಗೆ ಸೆಟ್ಟಿಂಗ್ ಬದಲಿಸಿ. ಆಮೇಲೆ ಯಾವಾಗಲೂ ಸ್ಟೀಮ್‌ನ ಪ್ಲೇ ಬಟನ್ ಬಿಟ್ಟು ಎಸ್‌ಕೆಎಸ್‌ಇ ಲೋಡರ್ ಮೂಲಕ ತೆರೆಯಿರಿ. ಎಸ್‌ಕೆಎಸ್‌ಇ ವರ್ಷನ್ ನಿಮ್ಮ ಗೇಮ್ ವರ್ಷನ್‌ಗೆ ಸರಿಹೊಂದಬೇಕು, ಇದನ್ನು ನೋಡಿಕೊಳ್ಳದೆ ಇಳಿಸಿದರೆ ಗೇಮ್ ಶುರುವೇ ಆಗುವುದಿಲ್ಲ.

ಮಾಡ್‌ಗಳನ್ನು ಗೇಮ್ ಫೋಲ್ಡರ್‌ಗೆ ನೇರವಾಗಿ ಸುರಿಯಬೇಡಿ. ಮಾಡ್ ಆರ್ಗನೈಸರ್ 2 ಬಳಸಿ, ಅದು ಎಲ್ಲವನ್ನೂ ಬೇರೆ ಕಡೆ ಇಟ್ಟು ಆಡುವಾಗ ಮಾತ್ರ ಸೇರಿಸುತ್ತದೆ, ಮೂಲ ಗೇಮ್ ಹಾಗೇ ಇರುತ್ತದೆ. ಮೊದಲ ವಾರ ಗೇಮ್‌ನ ದೋಷಗಳನ್ನು ಸರಿಮಾಡುವ ಅನ್‌ಆಫೀಷಿಯಲ್ ಪ್ಯಾಚ್ ಮತ್ತು ಸ್ಕೈಯುಐ ಸಾಕು. ಆಡುತ್ತಾ ಆಡುತ್ತಾ ಒಂದೊಂದೇ ಸೇರಿಸಿ. ಆದರೆ ಆಟದ ನಡುವೆ ಸ್ಕ್ರಿಪ್ಟ್ ಇರುವ ಮಾಡ್ ಕಿತ್ತುಹಾಕಬೇಡಿ, ಸೇವ್ ಹಾಳಾಗುತ್ತದೆ.

ನೇರಮಾತು

ಇದಕ್ಕೆ ಒಂದು ಸೇರಿಸುತ್ತೇನೆ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಎಸ್‌ಕೆಎಸ್‌ಇ, ಸ್ಕೈಯುಐ ಎರಡನ್ನೂ ಆ ಹೊತ್ತಿನೊಳಗೇ ಹಾಕಿ ನಿಮ್ಮ ಪಿಸಿಯಲ್ಲಿ ಓಡುತ್ತದಾ ನೋಡಿ. ಮೆನುವಿನಲ್ಲಿ ಸುಮ್ಮನೆ ಬಿಟ್ಟು ಊಟಕ್ಕೆ ಹೋಗಬೇಡಿ, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.