ಸಹಾಯ ಬೇಕು: ದಾರಿ ತಪ್ಪಿದ ಶುಗರ್

ನಮಸ್ಕಾರ ಎಲ್ಲರಿಗೂ. ನಾನು ಹುಬ್ಬಳ್ಳಿಯವಳು, ವಯಸ್ಸು 52. ಟೈಪ್ 2 ಶುಗರ್ ಬಂದು ಆರು ವರ್ಷ. ಹೋದ ವರ್ಷ ಎಚ್‌ಬಿಎ1ಸಿ 6.8 ಇತ್ತು, ಈಗ 9.1. ಎರಡು ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ ಅದು, ಒಂದು ದಿನ ಪಥ್ಯ ಮಾಡಿ ಮುಚ್ಚಿಡೋಕಾಗಲ್ಲ ಅಲ್ವಾ.

ಮಗಳ ಮದುವೆ ಗದ್ದಲದಲ್ಲಿ ಉಣಕಲ್ ಕೆರೆಯ ವಾಕಿಂಗ್ ನಿಂತಿತು. ಮಾತ್ರೆಯೂ ಆಗಾಗ ತಪ್ಪಿತು. ಬೀಗರು ತಂದ ಧಾರವಾಡ ಪೇಢೆ ಡಬ್ಬಿ ಬೇರೆ! ರಾತ್ರಿ ಪಾತ್ರೆ ತೊಳೆದು ಸುಮ್ನೆ ಅರ್ಧ ಅಂತ ಮುರಿಯುವುದು, ಉಳಿದರ್ಧವನ್ನು ನಿಂತಲ್ಲೇ ಮುಗಿಸುವುದು.

ಮಾತ್ರೆ ವಿಷಯ ಡಾಕ್ಟರ್ ನೋಡಿದ್ದಾರೆ. ನನ್ನ ತೊಂದರೆ ಊಟದ್ದು. ಜೋಳದ ರೊಟ್ಟಿ ಒಳ್ಳೇದು ಅಂತಾರೆ, ಆದರೆ ಮೂರು ತಿಂದರೆ ಎರಡು ಗಂಟೆ ಬಿಟ್ಟು ಮೀಟರ್ 240 ತೋರಿಸುತ್ತದೆ. ನೀವು ಹೊತ್ತಿಗೆ ಎಷ್ಟು ರೊಟ್ಟಿ, ಎಷ್ಟು ಪಲ್ಯ ತಿನ್ನುತ್ತೀರಿ? ಸಂಜೆ ಹಸಿವಿಗೆ ಗಿರ್ಮಿಟ್ ಬಿಟ್ಟು ಏನು? ನಸುಕಿನಲ್ಲಿ ಕೆರೆಗೆ ಹೋಗುವವರಿದ್ದರೆ ಹೇಳಿ, ಒಬ್ಬಳೇ ಏಳೋಕೆ ಮನಸ್ಸಾಗುತ್ತಿಲ್ಲ.