ಜಿಯೋಜಿಬ್ರಾ: ಲಂಬ ರೇಖೆಗಳು ಗೋಡೆ ಮೇಲೆ ಓರೆಯಾಗಿ ಕಾಣುತ್ತಿವೆ (ಪರಿಹಾರ ಸಿಕ್ಕಿದೆ)

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯುಸಿಗೆ ಸರಳರೇಖೆ ಪಾಠ ನಡೆಯುತ್ತಿದೆ. ಸ್ಲೋಪ್‌ಗಳ (ರೇಖೆಗಳ ಇಳಿಜಾರಿನ) ಗುಣಲಬ್ಧ −1 ಆದರೆ ರೇಖೆಗಳು ಪರಸ್ಪರ ಲಂಬ ಅಂತ ತೋರಿಸಲು ಜಿಯೋಜಿಬ್ರಾ ಅನ್ನೋ ಗ್ರಾಫ್ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಎರಡು ರೇಖೆ ಹಾಕಿದೆ. ಒಂದರ ಸ್ಲೋಪ್ 2, ಇನ್ನೊಂದರದು −1/2. ಎರಡೂ ಮೂಲಬಿಂದುವಿನ ಮೂಲಕ ಹೋಗುತ್ತವೆ. ಪ್ರೊಜೆಕ್ಟರ್‌ನಲ್ಲಿ ನೋಡಿದರೆ ಕತ್ತರಿ ಬಿಚ್ಚಿದ ಹಾಗೆ ಕಾಣುತ್ತವೆ. "ಮ್ಯಾಮ್, ಲೆಕ್ಕ ಸರಿ ಇದೆ, ಆದ್ರೆ ಇದು 90 ಡಿಗ್ರಿ ಅಲ್ವಲ್ಲ" ಅಂದಳು ಒಬ್ಬ ಹುಡುಗಿ. ಅವಳು ಕೇಳಿದ್ದು ಸರಿಯಾಗಿಯೇ ಇದೆ. ನಾಳೆ ಎರಡನೇ ಪಿರಿಯಡ್‌ಗೆ ಉತ್ತರ ಕೊಡಬೇಕು.

ಲಂಬಕೋನ:
ಮೇಡಂ, ಎರಡು ಅಕ್ಷಗಳ ಅಳತೆ ಬೇರೆ ಬೇರೆ ಆಗಿರಬಹುದು. ಶಿಫ್ಟ್ ಒತ್ತಿಕೊಂಡು ಅಕ್ಷವನ್ನು ಎಳೆದರೆ ಅದೊಂದೇ ಹಿಗ್ಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಗ್ರಾಫ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಅಕ್ಷಗಳ ಅನುಪಾತವನ್ನು 1:1 ಮಾಡಿ. ಆಮೇಲೆ ಮೂಲಬಿಂದು ಕೇಂದ್ರವಾಗಿ 5 ತ್ರಿಜ್ಯದ ವೃತ್ತ ಹಾಕಿ. ಅದು ದುಂಡಗಿದ್ದರೆ ಅಳತೆ ಸರಿ ಇದೆ ಅಂತ. ನಾನು ಪಾಠ ಶುರು ಮಾಡುವ ಮೊದಲು ಯಾವಾಗಲೂ ಈ ವೃತ್ತ ಹಾಕಿ ನೋಡುತ್ತೇನೆ.

ಸೀಮೆಸುಣ್ಣ:
ಮಾಡಿದೆ ಸರ್. ಲ್ಯಾಪ್‌ಟಾಪ್‌ನಲ್ಲಿ ವೃತ್ತ ದುಂಡಗಿದೆ. ಗೋಡೆ ಮೇಲೆ ಮಾತ್ರ ಮೊಟ್ಟೆ ನಿಲ್ಲಿಸಿದ ಹಾಗಿದೆ! ಟೇಪ್ ಹಿಡಿದು ಅಳೆದೆ. ಅಗಲ 60 ಸೆಂ.ಮೀ., ಎತ್ತರ 80.

ಲಂಬಕೋನ:
ಅಳೆದಿದ್ದು ತುಂಬಾ ಒಳ್ಳೆಯದಾಯ್ತು. ಅಗಲ ಎತ್ತರದ ಮುಕ್ಕಾಲು ಪಾಲು ಇದೆ, ಅಲ್ವಾ? ನಿಮ್ಮ ಲ್ಯಾಪ್‌ಟಾಪ್ ಪರದೆಯ ಅಗಲ-ಎತ್ತರದ ಅನುಪಾತ 16:9 ಇರಬೇಕು. ಪ್ರೊಜೆಕ್ಟರ್ ಅದನ್ನು 4:3ಕ್ಕೆ ಹಿಂಡುತ್ತಿದೆ. ಹಿಂಡಿದಾಗ ಸರಿಯಾಗಿ ಮುಕ್ಕಾಲು ಅಗಲ ಉಳಿಯುತ್ತದೆ. ಗೋಡೆ ಮೇಲೆ ಸ್ಲೋಪ್‌ಗಳು 2.67 ಮತ್ತು −0.67 ಆದಂತೆ ಕಾಣುತ್ತವೆ. ಹಾಗಾಗಿ ಬಲಗಡೆಯ ಕೋನ ಸುಮಾರು 103 ಡಿಗ್ರಿ ಬರಬೇಕು. ಕೋನಮಾಪಕ ಇಟ್ಟು ನೋಡಿ.

ಪ್ರೊಜೆಕ್ಟರ್ ಮೆನುವಿನಲ್ಲಿ 'ಆಸ್ಪೆಕ್ಟ್ ರೇಶಿಯೋ' (ಇದೇ ಅಗಲ-ಎತ್ತರದ ಅನುಪಾತ) ಇರುತ್ತದೆ. ಅದನ್ನು 'ಆಟೋ'ಗೆ ಹಾಕಿ. ರಿಮೋಟ್ ಕಳೆದುಹೋಗಿದ್ದರೆ ಲ್ಯಾಪ್‌ಟಾಪ್ ರೆಸಲ್ಯೂಶನ್ 1024×768 (ಇದೂ 4:3) ಮಾಡಿದರೂ ಆಗುತ್ತದೆ.

ಗೆರೆಬರೆ:
ಮೇಡಂ, ಸರಿಮಾಡುವ ಮೊದಲು ಆ ಓರೆ ಚಿತ್ರವನ್ನೇ ಮಕ್ಕಳಿಗೆ ಇನ್ನೊಮ್ಮೆ ತೋರಿಸಿ. ಸುಮ್ನೆ ಬಿಟ್ಟುಬಿಡಬೇಡಿ. (0,0), (2,4), (4,−2) ಬಿಂದುಗಳನ್ನು ಗುರುತಿಸಿ, ದೂರಗಳ ವರ್ಗ ತೆಗೆಯಲು ಹೇಳಿ. 20, 20, 40 ಬರುತ್ತದೆ. ಪೈಥಾಗೊರಸ್ ಪ್ರಕಾರ ಅದು ಲಂಬಕೋನವೇ. ಅಕ್ಷದ ಮೇಲಿನ ಸಂಖ್ಯೆಗಳನ್ನು ಓದಬೇಕು, ಬರೀ ಆಕಾರ ನೋಡಿ ನಂಬಬಾರದು ಅನ್ನೋದು ಅವರಿಗೇ ಹೊಳೆಯುತ್ತದೆ.

ಸೀಮೆಸುಣ್ಣ:
ಇವತ್ತು ಹಾಗೇ ಮಾಡಿದೆ. ಆ ಹುಡುಗಿಯ ಕೈಗೇ ಕೋನಮಾಪಕ ಕೊಟ್ಟೆ. 103 ಅಂದಳು! ಆಮೇಲೆ ಎಲ್ಲರೂ ಪೈಥಾಗೊರಸ್ ಲೆಕ್ಕ ಮಾಡಿದರು. ಕೊನೆಗೆ 'ಆಟೋ' ಒತ್ತಿದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತು, ವೃತ್ತ 60ಕ್ಕೆ 60 ಆಯಿತು. ಇಬ್ಬರಿಗೂ ತುಂಬಾ ಧನ್ಯವಾದ.