ಸಹಾಯ ಬೇಕು: ಒಂದೇ ಫೋಟೊದ ಮೂರು ನಾಲ್ಕು ಪ್ರತಿ, ಡಿಸ್ಕ್‌ನಲ್ಲಿ ಜಾಗವೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮನೆ ಫೋಟೊಗಳೆಲ್ಲ ವಿಂಡೋಸ್ ಲ್ಯಾಪ್‌ಟಾಪಿನಲ್ಲಿವೆ, ಜೋಡಿಸಿಟ್ಟಿರೋದು ಡಿಜಿಕ್ಯಾಮ್ ಅನ್ನೋ ಫೋಟೊ ನಿರ್ವಹಣೆಯ ತಂತ್ರಾಂಶದಲ್ಲಿ. 512 ಜಿಬಿ ಡಿಸ್ಕ್ ಪೂರ್ತಿ ತುಂಬಿಕೊಂಡಿದೆ.

ತಂಗಿ ಮದುವೆಯ ಧಾರೆಯ ಫೋಟೊ ಒಂದನ್ನೇ ನೋಡಿ. ಕ್ಯಾಮೆರಾದ ಮೂಲ ಪ್ರತಿ 8 ಎಂಬಿ, ಹಳೆ ಹಾರ್ಡ್‌ಡಿಸ್ಕ್‌ನಿಂದ ಬಂದ ಅದರದೇ ನಕಲು, ಜೊತೆಗೆ ಅತ್ತಿಗೆ ವಾಟ್ಸಾಪ್‌ನಲ್ಲಿ ಕಳಿಸಿದ 200 ಕೆಬಿಯದು. ಮೊದಲೆರಡು ತದ್ರೂಪು, ಹ್ಯಾಶ್ (ಫೈಲಿನ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸುವ ಯಾವ ತಂತ್ರಾಂಶವಾದರೂ ಹಿಡಿಯುತ್ತದೆ. ಮೂರನೆಯದನ್ನು ವಾಟ್ಸಾಪ್ ಕುಗ್ಗಿಸಿರುವುದರಿಂದ ಹ್ಯಾಶ್ ಬೇರೆ, ತೆಗೆದ ದಿನಾಂಕವೂ ಅಳಿಸಿಹೋಗಿದೆ.

ಡಿಜಿಕ್ಯಾಮ್ ಪ್ರತಿ ಚಿತ್ರದ ಫಿಂಗರ್‌ಪ್ರಿಂಟ್ (ಚಿತ್ರ ಕಾಣುವ ರೀತಿಯ ಸಂಕ್ಷಿಪ್ತ ಗುರುತು) ಮಾಡಿಕೊಂಡು ಎಷ್ಟು ಶೇಕಡಾ ಹೋಲಿಕೆ ಇದೆ ಎಂದು ನೋಡುತ್ತದಲ್ಲ, ತೊಂದರೆ ಅಲ್ಲೇ. ಪ್ರಮಾಣ ಇಳಿಸಿದರೆ ಬೆನ್ನುಬೆನ್ನಿಗೆ ತೆಗೆದ ಫೋಟೊಗಳೂ ನಕಲುಗಳ ಗುಂಪಿಗೆ ಬರುತ್ತವೆ. ಅಪ್ಪ ಕಣ್ಣು ಮುಚ್ಚಿದ್ದೂ, ಮರುಕ್ಷಣ ನಕ್ಕಿದ್ದೂ ಅದಕ್ಕೆ ಒಂದೇ. ಅಪ್ಪ ಈಗಿಲ್ಲ, ಆ ನಗು ನನಗೆ ಬೇಕೇ ಬೇಕು. ಹೋಲಿಕೆಯ ಪ್ರಮಾಣ ಏರಿಸಿದರೆ ವಾಟ್ಸಾಪ್ ಪ್ರತಿಗಳು ಕೆಲವು ತಪ್ಪಿಸಿಕೊಳ್ಳುತ್ತವೆ.

ಬಳಸುವವರು ದಯವಿಟ್ಟು ಹೇಳಿ, ಶೇಕಡಾ ಎಷ್ಟಕ್ಕೆ ಇಟ್ಟುಕೊಂಡಿದ್ದೀರಿ? ವಾಟ್ಸಾಪ್ ಫೋಲ್ಡರನ್ನು ಮಾತ್ರ ಉಳಿದದ್ದರ ಜೊತೆ ಹೋಲಿಸಿ, ದೊಡ್ಡ ಫೈಲನ್ನೇ ಮೂಲವೆಂದು ಇಟ್ಟುಕೊಳ್ಳುವುದು ಹೇಗೆ? ಇನ್ನೊಂದು, ನಾನು ಮುಖಗಳಿಗೆ ಹೆಸರು ಹಾಕಿರುವುದು ಕೆಲವು ಕಡೆ ಸಣ್ಣ ಪ್ರತಿಗೆ. ಅದನ್ನು ಅಳಿಸುವ ಮೊದಲು ಆ ಹೆಸರುಗಳನ್ನು ದೊಡ್ಡದಕ್ಕೆ ಸಾಗಿಸಲು ದಾರಿ ಇದೆಯೇ?

ಅಳಿಸಿದ್ದು ಡಿಜಿಕ್ಯಾಮ್‌ನದೇ ಕಸದ ಬುಟ್ಟಿಯಲ್ಲಿ ಇರುತ್ತದೆ, ಅದನ್ನು ಖಾಲಿ ಮಾಡಿದರೇ ಜಾಗ ಸಿಗುವುದು ಅಂತ ಗೊತ್ತು. ಬ್ಯಾಕಪ್ ಹೊರಗಿನ ಡಿಸ್ಕ್‌ನಲ್ಲಿದೆ. ಹಣ ಕೊಟ್ಟು ಕ್ಲೌಡ್ ತಗೊಳ್ಳಿ ಅನ್ನುವ ಸಲಹೆ ಬೇಡ, ನಕಲುಗಳನ್ನೂ ಅಲ್ಲಿಗೇ ಹೊತ್ತ ಹಾಗಾಗುತ್ತದೆ.